ಇಪ್ಪತ್ತೊಂದು ಬಂಡೆ, ಒಂದು ಮಗಿ ಸೇಂದಿ

ಹೊಳೆಯ ನಡುಗಡ್ಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಪ್ರವಚನವಿರಲಿಲ್ಲ, ಪಾದಪೂಜೆಯಿರಲಿಲ್ಲ. ಒಂದು ಹರಿಗೋಲು ಇತ್ತು.

ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುವುದೇ ಅಲ್ಲಿಯ ಪೂಜೆ. ಇದನ್ನೂ ಆಶ್ರಮ ಅನ್ನಬಹುದೇ ಎಂದು ಮೂಗು ಮುರಿಯುವವರಿದ್ದರು. ಹೊಳೆ ದಾಟಬೇಕಾದಾಗ ಅವರೂ ಅಲ್ಲಿಗೇ ಬರುತ್ತಿದ್ದರು.

ಗುರು ಒಬ್ಬ ಮುದುಕಿ, ಗುರುಸಂಗವ್ವ. ಜನ ಅವರನ್ನು ಅವ್ವಾರು ಎಂದು ಕರೆಯುತ್ತಿದ್ದರು. ಐವತ್ತು ವರ್ಷ ಹುಟ್ಟು ಹಾಕಿದವರು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ಬೇಸಿಗೆಯಲ್ಲಿ ಆ ಹೊಳೆಯನ್ನು ಯಾರು ಬೇಕಾದರೂ ದಾಟಿಸಬಹುದು. ಬಂಡೆಗಳು ಮೈ ಬಿಟ್ಟುಕೊಂಡು ಬಿದ್ದಿರುತ್ತವೆ. ಮಳೆಗಾಲದ ಕೆಂಪು ನೀರು ಬಂದರೆ ಇಪ್ಪತ್ತೊಂದು ಬಂಡೆಗಳೂ ನೀರಿನಡಿ ಮುಳುಗುತ್ತವೆ. ಆಮೇಲೆ ಅವು ಅಂಬಿಗನ ತಲೆಯೊಳಗೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಂದೊಂದು ಬಂಡೆಗೂ ಒಂದು ಹೆಸರು. ಎಮ್ಮಿಬೆನ್ನು. ಅತ್ತಿ ಮೊಣಕಾಲು. ಒನಕಿ. ಒಂದೊಂದು ಹೆಸರಿನ ಹಿಂದೆಯೂ ಒಂದು ನುಡಿ: ಯಾವ ಮಗ್ಗಲಿಗೆ ಹಾಯಬೇಕು, ಎಷ್ಟು ಸಲ ಹುಟ್ಟು ಹಾಕಬೇಕು, ಎಲ್ಲಿ ಕೈ ಬಿಟ್ಟು ಹೊಳೆಗೇ ಒಪ್ಪಿಸಬೇಕು.

ಇದನ್ನು ಬರೆದಿಡುವ ಪದ್ಧತಿ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವ್ವಾರು ಹೇಳಬೇಕು, ಶಿಷ್ಯ ಕೇಳಬೇಕು. ಮುಂಜಾನೆ ಎದ್ದವನೇ, ಮುಖ ತೊಳೆಯುವ ಮೊದಲು, ಬೇರೆ ಮಾತು ಆಡುವ ಮೊದಲು, ಅದನ್ನು ಒಪ್ಪಿಸಬೇಕು. ನಡುವೆ ಗುಣುಗುವಂತಿಲ್ಲ.

"ಅರ್ಧ ಪಾಠ ನಾ ಹೇಳ್ತೀನಿ. ಉಳಿದರ್ಧ ನಿದ್ದಿ ಹೇಳಿಕೊಡ್ತೈತಿ" ಎಂದು ಅವ್ವಾರು ಬಂದವರಿಗೆಲ್ಲ ಹೇಳುತ್ತಿದ್ದರು.

ತಾಯಪ್ಪ ಅಲ್ಲಿಗೆ ಬಂದು ಮೂರು ವರ್ಷವಾಗಿತ್ತು.

ಹೊಳೆಯ ಕೆಳಗೆ, ಎರಡು ಹರದಾರಿ ದೂರದಲ್ಲಿ, ಹೊಳೆ ದಾಟಿಸುವ ಇನ್ನೊಂದು ಕಡವು ಇದೆ. ಅಲ್ಲಿಯ ಅಂಬಿಗನಿಗೆ ಬಂಡೆಗಳು ಗೊತ್ತಿರಲಿಲ್ಲ, ಧೈರ್ಯವೊಂದು ಬೇಕಾದಷ್ಟಿತ್ತು. ಅವನ ಹರಿಗೋಲು ಬಂಡೆಗೆ ಬಡಿದು ಮಗುಚಿದ ದಿನ ತಾಯಪ್ಪನೂ ಅವನ ಅಣ್ಣ ಹುಲುಗಪ್ಪನೂ ಅದರಲ್ಲಿದ್ದರು. ಅಣ್ಣನ ಕೈ ತಾಯಪ್ಪನ ಕೈಯೊಳಗೇ ಇತ್ತು. ಆಮೇಲೆ ಇರಲಿಲ್ಲ.

"ಇನ್ನೊಬ್ರ ಅಣ್ಣ ಹೀಂಗ ಹೋಗಬಾರ್ದು. ನನಗ ಕಲಸ್ರಿ" ಎಂದು ಬಂದು ನಿಂತಿದ್ದ.

ತೋಳಿನಲ್ಲಿ ಅವನಷ್ಟು ಕಸುವಿದ್ದ ಶಿಷ್ಯ ಆಶ್ರಮಕ್ಕೆ ಬಂದೇ ಇರಲಿಲ್ಲ. ಹುಟ್ಟು ಅವನ ಮಾತು ಕೇಳುತ್ತಿತ್ತು. ಆದರೆ ಪಾಠ ಒಂಬತ್ತನೆಯ ಬಂಡೆಯ ಆಚೆ ಹೋಗುತ್ತಿರಲಿಲ್ಲ. ಸಂಜೆ ಇಪ್ಪತ್ತೊಂದನ್ನೂ ಕೇಳುತ್ತಿದ್ದ, ತಲೆದೂಗುತ್ತಿದ್ದ, ಮುಂಜಾನೆ ಕುದುರಿಹಲ್ಲು ಎಂಬ ಒಂಬತ್ತನೆಯದಕ್ಕೆ ಬಂದು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದ.

ಈ ವರ್ಷ ಹಾಗೆ ನಿಂತರೆ ನಡೆಯುವಂತಿರಲಿಲ್ಲ. ಅವ್ವಾರ ಕಣ್ಣು ಹೋಗಿತ್ತು. ಹಿರಿಯ ಶಿಷ್ಯ ಜಂಬಣ್ಣನಿಗೆ ಇಪ್ಪತ್ತೊಂದೂ ಬಾಯಿಪಾಠ. ಆದರೆ ಅವನಿಗೆ ನೀರೆಂದರೆ ಭಯ. ಇಪ್ಪತ್ತು ವರ್ಷದ ಹಿಂದೆ ಕಣ್ಣು ಮುಚ್ಚಿಕೊಂಡು ನಡುಗಡ್ಡೆಗೆ ಬಂದವನು ಮತ್ತೆ ದಡ ನೋಡದೆ ಅಡಿಗೆಮನೆ ಹಿಡಿದಿದ್ದ.

ಕೆಂಪು ನೀರು ಬರುವುದರೊಳಗೆ ತಾಯಪ್ಪ ಕಲಿಯದಿದ್ದರೆ ಕಡವು ಮುಚ್ಚುತ್ತದೆ. ಮುಚ್ಚಿದರೆ ಜನ ಕೆಳಗಿನ ಕಡವಿಗೆ ಹೋಗುತ್ತಾರೆ. ಅಣ್ಣ ಹೋದ ಜಾಗಕ್ಕೆ.

ಒಂದು ಮುಂಜಾನೆ ತಾಯಪ್ಪ ಮತ್ತೆ ಒಂಬತ್ತಕ್ಕೆ ನಿಂತಾಗ ಜಂಬಣ್ಣ ಒಲೆಯ ಮುಂದಿನಿಂದ ಎದ್ದು ಬಂದ.

"ಅವ್ವಾರ, ಇವನಿಗೆ ಎಲ್ಲಿಂದ ನೆನಪುಳಿದೀತು? ದಿನಾ ಪಾಠ ಆದಮ್ಯಾಲ ಈಚಲ ಗಿಡದ ಬುಡಕ್ಕ ಹೋಗಿ ಒಂದು ಮಗಿ ಸೇಂದಿ ಇಳಸ್ತಾನ. ಹೊರಗ ಹಾಕ್ರಿ ಇವನ್ನ."

"ಹೌದೇನು?" ಅವ್ವಾರು ಕೇಳಿದರು.

"ಹೌದ್ರಿ" ಎಂದ ತಾಯಪ್ಪ. ತಲೆ ತಗ್ಗಿಸಲಿಲ್ಲ. "ಕುಡೀತೀನಿ. ಬಿಡಂಗಿಲ್ಲ."

"ಯಾಕ?"

"ಕುಡೀದಿದ್ರ ನಿದ್ದಿ ಬರಂಗಿಲ್ಲ. ನಿದ್ದಿ ಬರದಿದ್ರ ಪಾಠ ಕುಂದ್ರಂಗಿಲ್ಲ ಅಂತ ನೀವ ಹೇಳೀರಿ. ನಾ ಪಾಠದ ಸಲುವಾಗೇ ಕುಡೀತೀನಿ. ಬಿಡು ಅಂದ್ರ ಹೊಂಟು ಹೋಗ್ತೀನಿ."

"ಬಿಡು ಅಂತ ಯಾರಂದ್ರು?" ಎಂದರು ಅವ್ವಾರು.

ಜಂಬಣ್ಣ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತ. ಜಗಳಕ್ಕೆ ಟೊಂಕ ಕಟ್ಟಿ ಬಂದ ತಾಯಪ್ಪನಿಗೆ ಎದುರಾಳಿಯೇ ಇಲ್ಲದಂತಾಗಿತ್ತು.

ಅವನು ಅಂದು ಕೂತು ಯೋಚಿಸಿದ. ಯೋಚನೆ ಸರಿಯಾಗಿಯೇ ಇತ್ತು, ಬುಡವೊಂದು ಸರಿ ಇರಲಿಲ್ಲ. ನಿದ್ದೆ ಪಾಠ ಕಲಿಸುತ್ತದೆ. ಒಂದು ಮಗಿ ಕುಡಿದರೆ ಒಂಬತ್ತು ಬಂಡೆಯ ನಿದ್ದೆ ಬರುತ್ತದೆ. ಹಾಗಾದರೆ ಎರಡು ಮಗಿ ಕುಡಿದರೆ?

ಎರಡು ಮಗಿ ಕುಡಿದ. ಮುಂಜಾನೆ ಏಳನೆಯ ಬಂಡೆಗೆ ನಿಂತ.

ಮೂರು ಕುಡಿದ. ನಾಲ್ಕಕ್ಕೆ ನಿಂತ.

"ಇನ್ನೊಂದು ಏರಿಸು" ಎಂದ ಜಂಬಣ್ಣ. "ನಿನ್ನ ಹೆಸರೂ ಮರೀತಿ, ನಮಗೆಲ್ಲ ಸುಖ."

"ಅವ್ವಾರ, ನಿದ್ದಿ ಪಾಠ ಹೇಳಿಕೊಡ್ತೈತಿ ಅನ್ನೋದು ಸುಳ್ಳು" ಎಂದ ತಾಯಪ್ಪ. ಕಣ್ಣು ಕೆಂಪಾಗಿದ್ದವು. "ಕಲ್ಲು ಬಿದ್ದಂಗ ಬಿದ್ದಿದ್ದೆ ರಾತ್ರಿಯೆಲ್ಲ. ಒಂದ ಒಂದು ಮಗ್ಗಲಾ ಬದಲಿಸಿಲ್ಲ. ಆದ್ರೂ ಪಾಠ ಇಲ್ಲ."

"ಒಂದ ಮಗ್ಗಲಾ?"

"ಆಣಿ ಮಾಡಿ ಹೇಳ್ತೀನಿ."

"ಆಣಿ ಬ್ಯಾಡ. ನಾಕು ಬುಟ್ಟಿ ಉಸುಕು ತಾ."

ತಾಯಪ್ಪ ಹೊಳೆಯ ಅಂಚಿನಿಂದ ಸಣ್ಣ ಒದ್ದೆ ಉಸುಕು ಹೊತ್ತು ತಂದ. ಅವ್ವಾರು ಹೇಳಿದಂತೆ ತನ್ನ ಚಾಪೆಯ ಸುತ್ತ ಹರಡಿದ, ಹಲಗೆ ಎಳೆದು ಸಮ ಮಾಡಿದ. ಅವ್ವಾರ ಚಾಪೆಯ ಸುತ್ತಲೂ ಹಾಗೆಯೇ ಮಾಡಿದ. ಯಾಕೆ ಎಂದು ಕೇಳಲಿಲ್ಲ. ಕೇಳಿದರೂ ಅವ್ವಾರು ಹೇಳುತ್ತಿರಲಿಲ್ಲ.

ಮಧ್ಯಾಹ್ನ ಗಾಳಿ ಏಳುವ ಮೊದಲೇ ಕೊನೆಯ ಹರಿಗೋಲು ಮುಗಿಯುತ್ತಿತ್ತು. ಆಮೇಲೆ ಊಟ. ಅಂದು ಊಟಕ್ಕೆ ಕೂತ ಅವ್ವಾರು ಜಂಬಣ್ಣನಿಗೆ ಹೇಳಿದರು.

"ಈಚಲ ಗಿಡದ ಬುಡದಾಗ ಗಡಿಗಿ ಐತಿ. ಒಂದು ಮಗಿ ಬಗ್ಗಿಸಿಕೊಂಡು ಬಾ."

"ಯಾರಿಗ್ರಿ?"

"ನನಗ."

"ಅವ್ವಾರ! ಆಶ್ರಮದಾಗ!"

"ಆಶ್ರಮ ನೀವು ಅಂತೀರಿ. ನನಗಿದು ಹರಿಗೋಲ ಕಟ್ಟೋ ಜಾಗ."

"ಹಂಗಿದ್ರ ನಾ ಇಲ್ಲಿ ಒಂದು ಗಳಿಗಿ ಇರಂಗಿಲ್ಲ."

"ಹೋಗು. ಈಜಿ ಹೋಗ್ತಿಯೇನು, ಇಲ್ಲ ತಾಯಪ್ಪನ ಕರೀಲೇನು?"

ಜಂಬಣ್ಣ ಹೊಳೆಯ ಕಡೆ ನೋಡಿದ. ಹೋಗಿ ಸೇಂದಿ ತಂದ.

ಅವ್ವಾರು ರೊಟ್ಟಿ ಮುರಿದು ತಿನ್ನುತ್ತ, ಪುಂಡಿಪಲ್ಯ ಹುಳಿ ಹೆಚ್ಚಾಗಿದೆ ಎಂದು ಬಯ್ಯುತ್ತ, ಮಗಿಯಲ್ಲಿ ಅರ್ಧದಷ್ಟು ಕುಡಿದರು. ಉಳಿದರ್ಧವನ್ನು ಈಚಲು ಗಿಡದ ಬುಡಕ್ಕೇ ಸುರಿಯಲು ಹೇಳಿದರು. ಬಾಯಿ ಒರೆಸಿಕೊಂಡು ಹರಿಗೋಲಿನ ಹೊಲಿಗೆ ನೋಡಲು ಹೋದರು.

ತಾಯಪ್ಪ ಎಂದಿನಂತೆ ಪಾಠ ಮುಗಿದ ಮೇಲೆ ಕುಡಿದ. ಒಬ್ಬನೇ ಕುಡಿದ. ತಲೆ ಚಾಪೆಗೆ ತಾಗುವ ಮೊದಲೇ ನಿದ್ದೆ ಬಂತು.

ಮುಂಜಾನೆ ಅವನು ಏಳುವಾಗ ಅವ್ವಾರು ಅವನ ಚಾಪೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು. ಕಣ್ಣಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಂಗೈಯಿಂದ ಉಸುಕು ಸವರಿ ನೋಡುತ್ತಿದ್ದರು.

"ಇಲ್ಲಿ ಎದ್ದಿ. ಇಲ್ಲಿ ನೀರಿನ ಕೊಡದ ತನಕ ಹೋದಿ. ತಿರುಗಿ ಬಂದಿ. ಮತ್ತ ಹೋದಿ. ನೀರಡಿಕಿ ಭಾಳ ಆಗಿರಬೇಕು."

"ನಾ ಎದ್ದಿಲ್ರಿ."

"ಇಲ್ಲಿ ಕುಂತಿ. ಭಾಳ ಹೊತ್ತು ಕುಂತಿ, ಹಿಮ್ಮಡ ಎಷ್ಟು ಆಳ ಇಳದಾವ ನೋಡು."

"ನಾಯಿ ಬಂದಿರಬೇಕ್ರಿ."

"ನಾಯಿಗೆ ಕಾಲಿನ ಹೆಬ್ಬೆಟ್ಟು ಇರ್ತಾವೇನು?"

ತಾಯಪ್ಪ ನೋಡಿದ. ಉಸುಕಿನ ತುಂಬ ತುಳಿದಾಟ, ಹೊರಳಾಟ. ಅಲ್ಲಿ ಯಾರೋ ಕುಸ್ತಿ ಆಡಿ ಹೋದಂತಿತ್ತು. ಅವ್ವಾರ ಚಾಪೆಯ ಸುತ್ತ ಹೋಗಿ ನೋಡಿದ. ಒಂದು ಸಲ ಎದ್ದು ಹೋಗಿ ಬಂದ ಹೆಜ್ಜೆ ಬಿಟ್ಟರೆ ಉಸುಕು ಅವನು ಸಮ ಮಾಡಿದಂತೆಯೇ ಇತ್ತು.

ಅವನಿಗೆ ಸಿಟ್ಟು ಬಂತು. ಕಾಲಿನಿಂದ ಉಸುಕನ್ನು ಒದ್ದ.

"ಇದು ಜಂಬಣ್ಣನ ಕಿತಾಪತಿ. ನಾ ಸತ್ತಂಗ ಮಲಗಿದ್ದೆ. ತೋರಸ್ತೀನಿ ನಿಮಗ."

ಆ ಸಂಜೆ ಅವನು ಹರಿಗೋಲು ಕಟ್ಟುವ ಹಗ್ಗ ತಂದ. ಒಂದು ತುದಿಯನ್ನು ಗೂಟಕ್ಕೆ, ಇನ್ನೊಂದನ್ನು ತನ್ನ ಎಡಗಾಲಿಗೆ ಬಿಗಿದ. ಹಾಕಿದ್ದು ಅಂಬಿಗರ ಗಂಟು. ಎಳೆದಷ್ಟೂ ಬಿಗಿಯುವ, ಕಟ್ಟಲು ಬಲ್ಲವರಿಗಷ್ಟೇ ಬಿಚ್ಚಲು ಬರುವ ಗಂಟು. ನಡುಗಡ್ಡೆಯ ಮೇಲೆ ಅದು ಗೊತ್ತಿದ್ದವರು ಇಬ್ಬರೇ, ಅವ್ವಾರು ಮತ್ತು ಅವನು. ಜಂಬಣ್ಣನಿಗೆ ಹಗ್ಗ ಮುಟ್ಟಿದರೇ ನೀರು ನೆನಪಾಗುತ್ತಿತ್ತು.

"ಮುಂಜಾನಿ ಬಂದು ನೋಡ್ರಿ. ಗಂಟು ಹಿಂಗ ಇರತೈತಿ" ಎಂದು ಸವಾಲು ಹಾಕಿ ಎರಡು ಮಗಿ ಕುಡಿದು ಮಲಗಿದ.

ಮುಂಜಾನೆ ಗಂಟು ಇರಲಿಲ್ಲ. ಹಗ್ಗವನ್ನು ಗೂಟದ ಪಕ್ಕದಲ್ಲಿ ಸುತ್ತಿ ಇಡಲಾಗಿತ್ತು. ಎಡಗೈಯಿಂದ ಸುರುಳಿ, ತುದಿ ಒಳಗೆ ಸೇರಿಸಿ ಮೇಲೊಂದು ಮಡಿಕೆ. ಅವನು ದಿನಾ ಹರಿಗೋಲು ಕಟ್ಟಿದ ಮೇಲೆ ಉಳಿದ ಹಗ್ಗವನ್ನು ಹೀಗೆಯೇ ಸುತ್ತಿಡುತ್ತಿದ್ದ. ಅವ್ವಾರು ಬಲಗೈಯವರು.

ತಾಯಪ್ಪ ಬಹಳ ಹೊತ್ತು ಹಗ್ಗ ನೋಡುತ್ತ ಕೂತ. ಅಂದು ಪಾಠ ಒಪ್ಪಿಸಲು ಹೋಗಲೇ ಇಲ್ಲ. ತನ್ನ ಕೈ ತನಗೆ ಹೇಳದೆ ಕೆಲಸ ಮಾಡಿತ್ತು, ಆ ಭಯ ಅವನಿಗೆ ಎದೆಗೇ ತಾಗಿತ್ತು.

ಅವ್ವಾರೇ ಬಂದರು.

"ಎಷ್ಟು ದಿನದಿಂದ ಹೀಂಗ್ರಿ?" ಎಂದು ಅವನೇ ಕೇಳಿದ.

"ನೀ ಬಂದಾಗಿಂದ."

"ಮೂರು ವರ್ಷ ಸುಮ್ಮಕಿದ್ರಿ?"

"ಹೇಳಿದ್ರ ನಂಬ್ತಿದ್ದೇನು? ನಿನ್ನಿ ಉಸುಕಿಗೇ ಒದ್ದಿ."

"ಖರೇ ಹೇಳ್ರಿ. ಸೇಂದಿ ನಿದ್ದಿ ತರತೈತಿ, ಅದು ಸುಳ್ಳೇನು?"

"ತರತೈತಿ. ದೀಪ ಆರೂದ್ರಾಗ ತಂದು ಚಾಪಿಗೆ ಕೆಡವತೈತಿ. ನಡುರಾತ್ರಿಗೆ ತಾನ ಕಸಕೊಂಡು ಹೋಗತೈತಿ. ಪಾಠ ಇಳಿಯೋದು ಬೆಳಗಿನ ಜಾವದ ನಿದ್ದಿಯಾಗ. ಆ ಹೊತ್ತಿಗೆ ನೀ ನೀರಿನ ಕೊಡ ಹುಡುಕಾಕ ಹೊಂಟಿರ್ತಿ."

ತಾಯಪ್ಪ ಎದ್ದು ನಿಂತ.

"ಹಂಗಿದ್ರ ಬಿಡು ಅನ್ರಿ. ಒಂದು ಮಾತು ಅಂದುಬಿಡ್ರಿ. ಈಗ ಗಡಿಗಿ ಒಡೀತೀನಿ."

"ಅನ್ನಂಗಿಲ್ಲ."

"ಯಾಕ್ರಿ?"

"ಬಿಡು ಅಂದ್ರ ನನ್ನ ಮ್ಯಾಲಿನ ಸಿಟ್ಟಿಗೆ ಕುಡೀತಿ. ಕುಡಿ ಅಂದ್ರ ನನ್ನ ಹೆಸರು ಹೇಳಿ ಕುಡೀತಿ. ನಿನ್ನ ಮಗಿಯೊಳಗ ನಾ ಯಾಕ ಬೀಳಲಿ?"

"ಎಂಥ ಗುರು ನೀವು!" ಎಂದ ತಾಯಪ್ಪ. ಬಯ್ಗುಳವೇ ಅದು.

"ನಿನ್ನಂಥ ಶಿಷ್ಯಗ ಇಂಥಾಕಿನ ಸಿಗೋದು."

"ಮತ್ತ ನೀವು ಕುಡದ್ರಲ್ಲ? ನಿಮಗ ಹ್ಯಾಂಗ ನಿದ್ದಿ ಬಂತು?"

"ನಾ ಊಟದ ಜೋಡಿ ಕುಡದೆ. ಹೊತ್ತು ನೆತ್ತಿ ಮ್ಯಾಲಿತ್ತು, ಎದುರಿಗೆ ಜಂಬಣ್ಣನ ಹುಳಿ ಮಾರಿ ಇತ್ತು, ಅರ್ಧಕ್ಕ ಸಾಕಾತು. ಹೊತ್ತು ಮುಳುಗೂದ್ರಾಗ ಅದು ಮೈಯಿಂದ ಇಳಿದು ಹೋಗಿತ್ತು. ನಿದ್ದಿ ಬಂದಾಗ ಮನ್ಯಾಗ ನಾ ಒಬ್ಬಾಕಿನ ಇದ್ದೆ."

ಅಷ್ಟು ಹೇಳಿ ಅವ್ವಾರು ಕೋಲೂರಿಕೊಂಡು ಹೋದರು.

ತಾಯಪ್ಪ ಗಡಿಗೆ ಒಡೆಯಲಿಲ್ಲ. ಒಡೆದರೆ ಅವ್ವಾರಿಗೆ ಹೆದರಿ ಒಡೆದಂತಾಗುತ್ತದೆ ಎಂದು ಬಿಟ್ಟ. ಸಂಜೆಯ ಹೊತ್ತು ಈಚಲು ಗಿಡದ ಕಡೆ ಹೋಗುವುದನ್ನು ನಿಲ್ಲಿಸಿದ. ಮೂರು ಮಗಿಯನ್ನು ಎರಡಕ್ಕೆ, ಎರಡನ್ನು ಒಂದಕ್ಕೆ ಇಳಿಸಿ, ಆ ಒಂದನ್ನೂ ಊಟದ ಹೊತ್ತಿಗೆ ಸರಿಸಿದ. ಜಂಬಣ್ಣನ ಎದುರಿಗೆ ಕೂತೇ ಕುಡಿಯುತ್ತಿದ್ದ. ಅವನ ಮುಖ ನೋಡುತ್ತ ಎರಡನೆಯ ಮಗಿ ಕುಡಿಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಕೆಲವು ದಿನ ನಿದ್ದೆಯೇ ಬರಲಿಲ್ಲ. ಮುಂಜಾನೆ ಪಾಠಕ್ಕೆ ಬಂದಾಗ ಕಣ್ಣ ಕೆಳಗೆ ಕಪ್ಪು. ಎಂಟಕ್ಕೆ ನಿಲ್ಲುತ್ತಿದ್ದ, ಆರಕ್ಕೆ ನಿಲ್ಲುತ್ತಿದ್ದ. ಜಂಬಣ್ಣ ಏನಾದರೂ ಅನ್ನಲು ಬಾಯಿ ತೆರೆದರೆ ಅವ್ವಾರು ಕೋಲು ಕುಟ್ಟುತ್ತಿದ್ದರು.

ಆಮೇಲೆ ನಿದ್ದೆ ಬಂತು. ನಿದ್ದೆಯ ಹಿಂದೆಯೇ ಕನಸೂ ಬಂತು.

ಒಂದು ಮುಂಜಾನೆ ಅವನು ಮುಖ ತೊಳೆಯದೆ, ಪಾಠ ಒಪ್ಪಿಸದೆ ಹುಟ್ಟನ್ನು ತಂದು ಅವ್ವಾರ ಕಾಲ ಬುಡದಲ್ಲಿ ಎಸೆದ.

"ನಿಮ್ಮ ಮಾತು ಕೇಳಿ ಕೆಟ್ಟೆ. ದಿನಾ ಬರಾಕ ಹತ್ಯಾನ. ಮೂರು ವರ್ಷ ಒಂದು ದಿನಾ ಬಂದಿರಲಿಲ್ಲ, ಈಗ ದಿನಾ ಬರ್ತಾನ. ಇವತ್ತ ಸಂಜಿಗೆ ನಾ ಕುಡೀತೀನಿ. ನೀವಲ್ಲ, ಆ ದೇವರು ಬಂದು ಅಡ್ಡ ನಿಂತ್ರೂ ಕುಡೀತೀನಿ."

"ಯಾರು ಬರ್ತಾನ?"

"ಅಣ್ಣ."

ಅವ್ವಾರು ಹುಟ್ಟನ್ನು ಕೈಯಿಂದ ತಡವಿ ಹುಡುಕಿ, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ಏನಂತಾನ?"

"ಏನೂ ಅನ್ನಂಗಿಲ್ಲ. ಕೈ ಚಾಚ್ತಾನ."

"ನೀ?"

"ಎಚ್ಚರಾಗತೈತಿ."

"ಮೂರು ವರ್ಷ ನಿನ್ನ ಬಾಗಿಲಾಗ ನಿಂತಿದ್ದ ಪಾಪ. ಅವನು ಬರಬಾರದು ಅಂತನ ಕುಡಿತಿದ್ದಿ, ನಿದ್ದಿಗಲ್ಲ."

ತಾಯಪ್ಪ ತುಟಿ ಕಚ್ಚಿಕೊಂಡ.

"ಇವತ್ತು ಬಂದ್ರ?" ಎಂದ ಕೊನೆಗೆ.

"ಇವತ್ತು ಎಚ್ಚರಾಗಬ್ಯಾಡ."

"ಅದು ನನ್ನ ಕೈಯಾಗ ಐತೇನ್ರಿ?"

"ಸಂಜಿಗೆ ಕುಡಿಯೋದು ಬಿಡೋದು ನಿನ್ನ ಕೈಯಾಗ ಐತಿ. ಉಳಿದದ್ದು ಅವನ ಕೈಯಾಗ ಇರ್ಲಿ" ಎಂದು ಹುಟ್ಟನ್ನು ಅವನ ಕಡೆ ನೂಕಿದರು.

ಅವನು ಸಂಜೆ ಈಚಲು ಗಿಡದ ಬುಡದವರೆಗೆ ಹೋದ. ಗಡಿಗೆಯ ಮುಚ್ಚಳ ತೆಗೆದ. ಹುಳಿ ಬಂದ ಸೇಂದಿಯ ವಾಸನೆ ಮೂಗಿಗೆ ಬಡಿಯಿತು. ಬಾಯಲ್ಲಿ ನೀರೂ ಬಂತು. ಯಾರೂ ನೋಡುತ್ತಿರಲಿಲ್ಲ, ಯಾರೂ ತಡೆಯುತ್ತಿರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. "ಹಾಳ ಮುದುಕಿ" ಎಂದು ಬಯ್ದು ಮುಚ್ಚಳ ಮುಚ್ಚಿ ಬಂದ.

ಇದು ಒಂದೇ ದಿನದಲ್ಲಿ ಮುಗಿಯಲಿಲ್ಲ. ಒಂದು ಸಂಜೆ ಸೋತು ಕುಡಿದೂ ಕುಡಿದ, ಮುಂಜಾನೆ ನಾಚಿಕೆಯಿಲ್ಲದೆ ಹೇಳಿಯೂ ಹೇಳಿದ. ಅವ್ವಾರು "ಉಸುಕು ಹರಡ್ಲೇನು?" ಎಂದಷ್ಟೇ ಕೇಳಿದರು. ಬೇಡ ಎಂದ.

ಕಾರಹುಣ್ಣಿಮೆ ಕಳೆದು ಐದನೆಯ ಮುಂಜಾನೆ ಅವನು ಬಂದು ಕೂತಾಗ ಮುಖದ ಮೇಲೆ ಕಣ್ಣೀರು ಒಣಗಿತ್ತು. ಅಳುವ ಗಂಡಸಲ್ಲ ಅವನು. ಆ ದಿನ ಅಳುತ್ತಲೇ ಎದ್ದಿದ್ದ.

ಬೇರೆ ಮಾತು ಆಡಬಾರದೆಂಬ ನಿಯಮವನ್ನು ಮತ್ತೆ ಮುರಿದ.

"ಹಿಡಕೊಂಡೆ ರೀ ಅವ್ವಾರ. ಕೈ ಹಿಡಕೊಂಡೆ. ನಕ್ಕ. ಆಮ್ಯಾಲ ತಾನ ಬಿಡಿಸಿಕೊಂಡು ಹೋದ."

"ಹೋಗ್ಲಿ ಬಿಡು" ಎಂದರು ಅವ್ವಾರು. "ಪಾಠ ಒಪ್ಪಸು."

ಅವನು ಶುರು ಮಾಡಿದ. ಎಮ್ಮಿಬೆನ್ನು, ಅತ್ತಿ ಮೊಣಕಾಲು, ಒನಕಿ. ಒಂಬತ್ತು, ಕುದುರಿಹಲ್ಲು. ಜಂಬಣ್ಣ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಹತ್ತು, ಸೂಲಗಿತ್ತಿ. ಬಲಕ್ಕ ಮೂರು ಸಲ ಹಾಕು, ನಾಕನೇದು ಹಾಕಬ್ಯಾಡ. ಹನ್ನೊಂದು, ಹನ್ನೆರಡು. ದನಿ ಎಲ್ಲೂ ಎಡವಲಿಲ್ಲ. ಇಪ್ಪತ್ತೊಂದು, ಮನಿಬಾಗಿಲು.

ಜಂಬಣ್ಣ ಒಲೆಯ ಮೇಲಿನ ಬೇಳೆ ಹೊತ್ತಿಸಿದ್ದ. ಅವನ ಜನ್ಮದಲ್ಲೇ ಮೊದಲ ಸಲ.

ವಾರದಲ್ಲಿ ಕೆಂಪು ನೀರು ಬಂತು, ನಾಲ್ಕು ದಿನ ಹರಿಗೋಲು ನಿಂತಿತು.

ಈ ದಡದಲ್ಲಿ ಜನ ಸೇರಿದ್ದರು. ಸಂತೆಗೆ ಹೋಗುವವರು, ತವರಿಗೆ ಹೊರಟ ಬಸುರಿ, ಆಡು ಎಳೆದುಕೊಂಡು ನಿಂತ ಮುದುಕ. ಹುಟ್ಟು ಹಿಡಿದು ನಿಂತವನನ್ನು ನೋಡಿ ಅವರೆಲ್ಲ ಹಿಂದೆ ಸರಿದರು.

"ಅಂವ ಕುಡುಕ" ಎಂದ ಒಬ್ಬ. "ಮಧ್ಯಾಹ್ನ ಕುಂತು ಸೇಂದಿ ಕುಡೀತಾನ. ಎಲ್ಲಾರಿಗೂ ಗೊತ್ತೈತಿ. ನಾವು ಕೆಳಗಿನ ಕಡವಿಗೆ ಹೋಗ್ತೀವಿ."

ತಾಯಪ್ಪನ ಮುಖ ಕಪ್ಪಿಟ್ಟಿತು.

"ಹೌದು, ಕುಡೀತೀನಿ" ಎಂದ. ಎಲ್ಲರಿಗೂ ಕೇಳುವಂತೆ ಹೇಳಿದ. "ಹುಟ್ಟು ಕೆಳಗಿಟ್ಟಮ್ಯಾಲ, ಊಟದಾಗ ಒಂದು ಮಗಿ. ಮುಚ್ಚಿಡಾಕ ನನಗೇನೂ ಇಲ್ಲ. ಇವತ್ತು ಮುಟ್ಟಿಲ್ಲ, ನಿನ್ನಿ ಮುಟ್ಟಿಲ್ಲ. ರಾತ್ರಿ ಪೂರಾ ಮಲಗಿ ಎದ್ದು ಬಂದೀನಿ. ಕೆಳಗಿನ ಕಡವಿಗೆ ನಮ್ಮಣ್ಣ ಹೋಗಿದ್ದ. ಹೋಗೋರು ಹೋಗ್ರಿ."

ಯಾರೂ ಹೋಗಲಿಲ್ಲ. ಯಾರೂ ಹತ್ತಲೂ ಇಲ್ಲ.

ಅವ್ವಾರು ಕೋಲೂರಿಕೊಂಡು ಬಂದು ಹರಿಗೋಲಿನಲ್ಲಿ ಕೂತರು. ಹೊಳೆಗೆ ಬೆನ್ನು ಹಾಕಿ ಕೂತರು. ಆಮೇಲೆ ಒಂದು ಆಶ್ಚರ್ಯ ನಡೆಯಿತು. ಆ ಮುಂಜಾನೆ ಅವ್ವಾರ ಸೆರಗು ಹಿಡಿದು, ಕಣ್ಣು ಮುಚ್ಚಿಕೊಂಡು ನಡುಗಡ್ಡೆಯಿಂದ ಈ ದಡಕ್ಕೆ ಬಂದಿದ್ದ ಜಂಬಣ್ಣ ಮತ್ತೆ ಹರಿಗೋಲಿನ ಅಂಚಿಗೆ ಕಾಲಿಟ್ಟ.

"ನೀ ಎಲ್ಲಿಗೆ?" ಎಂದರು ಅವ್ವಾರು.

"ಒಂದು ಹೆಸರು ತಪ್ಪಿದ್ರೂ ನಾ ಹೇಳ್ತೀನಿ ಇವಗ" ಎಂದ ಜಂಬಣ್ಣ. ಹಲ್ಲು ಕಟಕಟ ಎನ್ನುತ್ತಿದ್ದವು. ಕೂತವನೇ ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿದ.

ಬಸುರಿ ಅದನ್ನು ನೋಡಿ ನಕ್ಕಳು, ಹತ್ತಿದಳು. ಆಡಿನ ಮುದುಕ ಹತ್ತಿದ. ಉಳಿದವರೂ ಹತ್ತಿದರು.

ಹರಿಗೋಲು ಒಂದು ಸುತ್ತು ತಿರುಗಿ ಸೆಳೆತಕ್ಕೆ ಸಿಕ್ಕಿತು. ಎಲ್ಲಿ ನೋಡಿದರೂ ಕೆಂಪು ನೀರು, ಒಂದು ಬಂಡೆಯೂ ಕಾಣದು. ತಾಯಪ್ಪ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಕೂಗುತ್ತ ಹುಟ್ಟು ಹಾಕಿದ. ಕುದುರಿಹಲ್ಲು ದಾಟಿತು. ಸೂಲಗಿತ್ತಿಯ ಬಳಿ ಬಲಕ್ಕೆ ಮೂರು ಸಲ ಹಾಕಿದ. ಹರಿಗೋಲು ಸುಳಿಯ ಕಡೆ ಮುಖ ಮಾಡಿತು, ಹೆಂಗಸರು ಚೀರಿದರು. ಇನ್ನೊಂದು ಸಲ ಹಾಕಲು ಅವನ ತೋಳು ತಾನಾಗಿಯೇ ಎದ್ದಿತು.

ಅವನು ಹಾಕಲಿಲ್ಲ. ಹುಟ್ಟನ್ನು ಎದೆಗೆ ಒತ್ತಿ ಹಿಡಿದು ನಿಂತ. ಸುಳಿಯ ಅಂಚೇ ಹರಿಗೋಲನ್ನು ಎತ್ತಿ ಆಚೆ ಬಿಟ್ಟಿತು.

ಜಂಬಣ್ಣ ಒಂದು ಹೆಸರನ್ನೂ ತಿದ್ದಬೇಕಾಗಲಿಲ್ಲ.

ಆ ದಡದಲ್ಲಿ ನಾಲ್ಕು ದಿನದಿಂದ ಕಾದು ಕೂತ ಜನ ಕೇಕೆ ಹಾಕಿದರು. ಅವ್ವಾರನ್ನು ಕೈ ಹಿಡಿದು ಇಳಿಸಿ ಕಲ್ಲಿನ ಮೇಲೆ ಕೂರಿಸಿದರು. ಈ ದಡಕ್ಕೆ ಬರಬೇಕಾದವರು ನಾ ಮುಂದೆ ತಾ ಮುಂದೆ ಎಂದು ಹರಿಗೋಲು ಹತ್ತಿ ಕೂತರು. ಒಬ್ಬ ತಾಯಿ ಸೆರಗಿನ ಜೋಳಿಗೆಯಲ್ಲಿ ಕೂಸನ್ನು ಕಟ್ಟಿಕೊಂಡು ಬಂದು ಕೂತಳು. ಅಷ್ಟು ಗದ್ದಲದಲ್ಲೂ ಕೂಸು ಬಾಯಿ ಅರೆ ತೆರೆದು ನಿದ್ದೆ ಹೋಗಿತ್ತು, ಜನ ಅದನ್ನು ಹೇಳಿ ಹೇಳಿ ನಕ್ಕರು.

ಆ ದಡದ ಗೌಡ ಹೊಸ ಮಗಿಯ ತುಂಬ ಸೇಂದಿ ತಂದ. ಬೆಳಗ್ಗೆ ಇಳಿಸಿದ್ದು, ಇನ್ನೂ ನೊರೆ ಆರಿರಲಿಲ್ಲ.

"ಕುಡಿಯೋ ತಮ್ಮಾ. ನಮ್ಮ ಹೊಳಿ ತೆರದಿ ನೀ. ಇದು ಮರ್ಯಾದಿ, ಒಲ್ಲೆ ಅನಬಾರ್ದು."

ಜನ ಸುತ್ತ ಸೇರಿ ಕುಡಿ ಕುಡಿ ಎಂದರು. ತಾಯಪ್ಪ ಮಗಿಯನ್ನು ಕೈಗೆ ತಗೊಂಡ. ಮೈಯೆಲ್ಲ ಬೆವರಿತ್ತು, ಗಂಟಲು ಒಣಗಿತ್ತು, ಎದೆ ಸಂತೋಷದಿಂದ ಬಡಿದುಕೊಳ್ಳುತ್ತಿತ್ತು. ಅವನು ಅವ್ವಾರ ಕಡೆ ತಿರುಗಿದ. ಇವತ್ತಾದರೂ ಹೂಂ ಅನ್ನಲಿ, ಇಲ್ಲ ಉಹೂಂ ಅನ್ನಲಿ, ಎರಡರಲ್ಲಿ ಒಂದನ್ನು ಈ ಮುದುಕಿಯ ಬಾಯಿಂದ ಕೇಳಿಯೇ ತೀರುತ್ತೇನೆ ಎಂಬ ಹಟ ಅವನ ಮುಖದ ಮೇಲಿತ್ತು.

"ಕುಡೀಲೇನ್ರಿ ಅವ್ವಾರ?"

ಅವ್ವಾರು ಪೊರೆ ಬಂದ ಕಣ್ಣನ್ನು ಅವನ ದನಿಯ ಕಡೆ ಎತ್ತಿದರು.

"ನನ್ನ ಯಾಕ ಕೇಳ್ತಿ? ಹರಿಗೋಲದಾಗ ಕೂಸು ಮಲಗೇತಂತಲ್ಲ, ಅದನ್ನ ಎಬ್ಬಿಸಿ ಕೇಳು."